ಓದುಗರ ಪ್ರಶ್ನೆ: ಸೊಲ್ಲಾಪುರದ ಗುತ್ತಿಗೆದಾರ ಮನೆತನ ಮತ್ತು ಅದು ಕಟ್ಟಿದ್ದು

ಹಿಂದಿನ ಸಂಚಿಕೆಯ ಉತ್ತರವೊಂದರಲ್ಲಿ, ಮುಂಬಯಿಯ ಬಾಂದ್ರಾ–ವರಳಿ ಸಮುದ್ರ ಸೇತುವೆಯನ್ನು ಕಟ್ಟಿದ ಹಿಂದುಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿಯ ಮೂಲಪುರುಷರು ಸೊಲ್ಲಾಪುರದವರು ಎಂದು ಒಂದು ಸಾಲು ಬರೆದಿದ್ದೆವು. ಆ ಸಾಲನ್ನು ಹಿಡಿದು ಅಕ್ಕಲಕೋಟೆ, ಜತ್ತ, ಸೊಲ್ಲಾಪುರ, ಹೊಸೂರು, ಉಮರ್ಗಾ, ಕಾಸರಗೋಡುಗಳ ಓದುಗರು ಪ್ರಶ್ನೆಗಳನ್ನು ಕಳಿಸಿದ್ದಾರೆ. ಎಲ್ಲವೂ ಒಂದೇ ಮನೆತನಕ್ಕೆ ಸಂಬಂಧಿಸಿದವಾದ್ದರಿಂದ ಈ ಸಲದ ಅಂಕಣವನ್ನು ಅವಕ್ಕೇ ಮೀಸಲಿಟ್ಟಿದ್ದೇವೆ.

ನಿವೃತ್ತ ಶಿಕ್ಷಕರೊಬ್ಬರು, ಅಕ್ಕಲಕೋಟೆ: ಮಾನ್ಯರೇ, ವಾಲಚಂದ ಹೀರಾಚಂದರ ಹೆಸರನ್ನು ಸೊಲ್ಲಾಪುರದ ಕಾಲೇಜಿನ ಫಲಕದ ಮೇಲೆ ಓದುತ್ತ ಬೆಳೆದವರು ನಾವು. ಅವರು ಹಡಗು, ಕಾರು, ಸಕ್ಕರೆಗಳ ಉದ್ಯಮಿ ಎಂದು ಕೇಳಿದ್ದೇವೆ. ಅವರಿಗೆ ಕಟ್ಟಡದ ಗುತ್ತಿಗೆ ಎಲ್ಲಿಂದ ಅಂಟಿಕೊಂಡಿತು? ನಮ್ಮ ಜಿಲ್ಲೆಯಲ್ಲಿ ಅವರು ಕಟ್ಟಿದ್ದು ಏನಾದರೂ ಉಳಿದಿದೆಯೇ?

ಗುತ್ತಿಗೆಯೇ ಮೊದಲು, ಉಳಿದದ್ದೆಲ್ಲ ಅದರಿಂದ ಬಂದದ್ದು. ವಾಲಚಂದರು 1882ರ ನವೆಂಬರ್ 23ರಂದು ಸೊಲ್ಲಾಪುರದಲ್ಲಿ ಹುಟ್ಟಿದರು. ದೋಶಿ ಎಂಬ ಅಡ್ಡಹೆಸರಿನ ಅವರ ಕುಟುಂಬ ಗುಜರಾತಿನಿಂದ ಬಂದು ದಖ್ಖನಿನಲ್ಲಿ ನೆಲೆಸಿದ ದಿಗಂಬರ ಜೈನರದು. ತಂದೆ ಹೀರಾಚಂದ ನೇಮಚಂದರು ಹತ್ತಿಯ ವ್ಯಾಪಾರವನ್ನೂ ಸಾವಕಾರಿಕೆಯನ್ನೂ ನಡೆಸುತ್ತಿದ್ದರು. ಜೈನ ಸಮಾಜದ ಸುಧಾರಣೆಯಲ್ಲಿಯೂ ಅವರ ಹೆಸರಿದೆ, ಅವರ ಹೆಸರಿನ ವಾಚನಾಲಯ ಸೊಲ್ಲಾಪುರದಲ್ಲಿ ಇಂದಿಗೂ ಇದೆ. ಮಗನಿಗೆ ಮನೆಯ ವ್ಯಾಪಾರದಲ್ಲಿ ಮನಸ್ಸು ನಿಲ್ಲಲಿಲ್ಲ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದು ಆಮೇಲೆ ಗುತ್ತಿಗೆಗೆ ಇಳಿದಿದ್ದ ಲಕ್ಷ್ಮಣರಾವ್ ಬಳವಂತ ಫಾಟಕ ಎಂಬವರೊಡನೆ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಪಾಲುದಾರಿಕೆ ಮಾಡಿಕೊಂಡರು. ಫಾಟಕರಿಗೆ ಕೆಲಸದ ಒಳಹೊರಗು ಗೊತ್ತಿತ್ತು, ವಾಲಚಂದರ ಹಿಂದೆ ಸಾವಕಾರಿ ಮನೆಯ ಪತ್ತು ಇತ್ತು. ಗುತ್ತಿಗೆಗೆ ಬೇಕಾದ್ದು ಈ ಎರಡೇ.

ಅವರಿಗೆ ಮೊದಲು ಸಿಕ್ಕ ಕೆಲಸ ನಿಮ್ಮ ಜಿಲ್ಲೆಯ ಮಗ್ಗುಲಲ್ಲಿಯೇ, ಬಾರ್ಶಿ ಲೈಟ್ ರೈಲ್ವೆಯ ವಿಸ್ತರಣೆಯ ಒಂದು ತುಂಡು. ಎವರಾರ್ಡ್ ಕ್ಯಾಲ್‌ಥ್ರಾಪ್ ಎಂಬ ಇಂಗ್ಲಿಷ್ ಇಂಜಿನಿಯರು ರೂಪಿಸಿದ ಈ ಎರಡೂವರೆ ಅಡಿ ಅಗಲದ ಹಳಿಯ ದಾರಿ 1897ರಲ್ಲಿ ಬಾರ್ಶಿ ರೋಡಿನಿಂದ, ಅಂದರೆ ಇಂದಿನ ಕುರ್ಡುವಾಡಿಯಿಂದ, ಬಾರ್ಶಿಗೆ ತೆರೆಯಿತು. ಬಳಿಕ ಪಂಢರಪುರ ಮತ್ತು ಲಾತೂರಗಳ ಕಡೆಗೆ ಬೆಳೆದು 1927ರಲ್ಲಿ ಮಿರಜವನ್ನು ಮುಟ್ಟಿತು. ವಾಲಚಂದರ ಪಾಲಿಗೆ ಬಂದದ್ದು ಯೇಡಶಿ ಕಡೆಯ ಕೆಲವು ಮೈಲಿಗಳ ಕೆಲಸ ಮಾತ್ರ.

ಇಂಥ ಕೆಲಸದಲ್ಲಿ ದುಡ್ಡು ಹೇಗೆ ಓಡುತ್ತಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನ ನೂರು ವರ್ಷಗಳ ಕಥೆ ಅದರಲ್ಲಿಯೇ ಇದೆ. ರೈಲುದಾರಿಯ ಏರಿಗೆ ಬೇಕಾದ ಮಣ್ಣನ್ನು ದಾರಿಯ ಪಕ್ಕದ ಗುಂಡಿಗಳಿಂದಲೇ ಎತ್ತುವುದು ವಾಡಿಕೆ. ನಮ್ಮ ಸೀಮೆಯಲ್ಲಿ ಈ ಕೆಲಸ ಹೆಚ್ಚಾಗಿ ವಡ್ಡರ ತಂಡಗಳದು. ಗಂಡಸರು ಅಗೆದರೆ ಹೆಂಗಸರು ಬುಟ್ಟಿಯಲ್ಲಿ ಹೊತ್ತು ಏರಿಯ ಮೇಲೆ ಸುರಿಯುತ್ತಿದ್ದರು. ಎತ್ತಿದ ಮಣ್ಣು ಎಷ್ಟೆಂದು ತಿಳಿಯುವುದಕ್ಕೆ ಗುಂಡಿಯ ನಡುವೆ ಅಲ್ಲಲ್ಲಿ ಒಂದೊಂದು ದಿಬ್ಬವನ್ನು ಅಗೆಯದೆ ಬಿಡಬೇಕು. ದಿಬ್ಬದ ನೆತ್ತಿಯ ಮೇಲಿನ ಹುಲ್ಲು ಹಾಗೆಯೇ ಇರಬೇಕು. ಆ ಹುಲ್ಲು ಹಳೆಯ ನೆಲದ ಮಟ್ಟಕ್ಕೆ ಸಾಕ್ಷಿ, ಗುಂಡಿಯ ತಳದಿಂದ ಅಲ್ಲಿಯವರೆಗಿನ ಎತ್ತರವೇ ಅಗೆತದ ಆಳ. ಮೇಸ್ತ್ರಿಯೊಬ್ಬ ಆ ದಿಬ್ಬದ ಮೇಲೆ ರಾತ್ರೋರಾತ್ರಿ ಹುಲ್ಲುಹೆಂಟೆಗಳನ್ನು ಪೇರಿಸಿ ಎತ್ತರವನ್ನು ಹೆಚ್ಚಿಸಿದರೆ ಲೆಕ್ಕ ಕೆಡುತ್ತದೆ. ಆದ್ದರಿಂದಲೇ ಅಳತೆಗೆ ಬರುವ ಓವರ್ಸಿಯರ್ ಮೊದಲು ಆ ಹುಲ್ಲನ್ನು ಎಳೆದು ನೋಡುತ್ತಿದ್ದ. ಅಳತೆ ಎಂ.ಬಿ.ಯಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ, ದಾಖಲಾದ ಮೇಲೆ ರನ್ನಿಂಗ್ ಬಿಲ್, ಅಂದರೆ ಅಲ್ಲಿಯವರೆಗೆ ಆದ ಕೆಲಸದ ಬಿಲ್ಲು, ಅದು ಪಾಸಾದ ಮೇಲೆ ಹಣ. ಕೂಲಿಯನ್ನು ಮಾತ್ರ ವಾರದ ಸಂತೆಗೆ ಮುಂಚೆಯೇ ಕೊಡಬೇಕು. ಕೂಲಿ ಕೊಟ್ಟ ದಿನಕ್ಕೂ ಬಿಲ್ಲಿನ ಹಣ ಕೈಸೇರಿದ ದಿನಕ್ಕೂ ನಡುವಿನ ಅಂತರವನ್ನು ಯಾರು ತಾಳಿಕೊಳ್ಳಬಲ್ಲರೋ ಅವರಷ್ಟೇ ದೊಡ್ಡ ಗುತ್ತಿಗೆದಾರರಾಗುತ್ತಿದ್ದರು, ಕಲ್ಲು ಸುಣ್ಣಗಳ ಜ್ಞಾನ ಆಮೇಲಿನದು.

ಫಾಟಕ–ವಾಲಚಂದ ಪಾಲುದಾರಿಕೆ ಮುಂಬಯಿಗೆ ಹೋಗಿ ಬೆಳೆಯಿತು. 1920ರಲ್ಲಿ ಟಾಟಾದವರೊಡನೆ ಸೇರಿ ಟಾಟಾ ಕನ್‌ಸ್ಟ್ರಕ್ಷನ್ ಕಂಪನಿಯಾಯಿತು, ಅದೇ ಮುಂದೆ ಪ್ರೀಮಿಯರ್ ಕನ್‌ಸ್ಟ್ರಕ್ಷನ್ ಎಂಬ ಹೆಸರು ಪಡೆಯಿತು. 1926ರಲ್ಲಿ ವಾಲಚಂದರು ಹಿಂದುಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿಯನ್ನು ಸ್ಥಾಪಿಸಿದರು. ಹಡಗಿನ ಸಿಂಧಿಯಾ ಕಂಪನಿ 1919ರಲ್ಲಿಯೇ ಆಗಿತ್ತು. ಸಕ್ಕರೆಯ ರಾವಳಗಾವ್ ಮತ್ತು ವಾಲಚಂದನಗರ 1930ರ ದಶಕದವು, ಪ್ರೀಮಿಯರ್ ಆಟೊಮೊಬೈಲ್ಸ್ 1944ರದು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ತುಸು ನಿರಾಶೆಯದು. ಆ ಮಣ್ಣಿನ ಏರಿಗಳ ಕಾಲದ ಸಣ್ಣ ಹಳಿ ಈಗಿಲ್ಲ, ದಾರಿಯೆಲ್ಲ ಬ್ರಾಡ್‌ಗೇಜ್ ಆಗಿದೆ. ಸೊಲ್ಲಾಪುರದಲ್ಲಿ 1962ರಲ್ಲಿ ಆರಂಭವಾದ ವಾಲಚಂದ ಕಲಾ ಮತ್ತು ವಿಜ್ಞಾನ ಕಾಲೇಜು, 1983ರ ವಾಲಚಂದ ತಾಂತ್ರಿಕ ಸಂಸ್ಥೆ ಇವೆರಡೂ ಅವರ ಕಾಲಾನಂತರದವು. ಸಾಂಗಲಿಯ ಇಂಜಿನಿಯರಿಂಗ್ ಕಾಲೇಜು 1947ರಲ್ಲಿ ಬೇರೆ ಹೆಸರಿನಲ್ಲಿ ಆರಂಭವಾಗಿ, 1955ರಲ್ಲಿ ವಾಲಚಂದರ ಹೆಸರನ್ನು ಪಡೆಯಿತು. ಇವೆಲ್ಲ ಅವರ ನೆನಪಿನ ಸಂಸ್ಥೆಗಳು, ಅವರು ಗುತ್ತಿಗೆ ಹಿಡಿದು ಕಟ್ಟಿದವಲ್ಲ. ಸಿದ್ಧರಾಮ ಶಿವಯೋಗಿಗಳು ಕಟ್ಟಿಸಿದ ಕೆರೆಯನ್ನು ಸೊನ್ನಲಿಗೆಯವರು, ಅಂದರೆ ಸೊಲ್ಲಾಪುರದವರು, ಎಂಟು ಶತಮಾನ ದಾಟಿದ ಮೇಲೂ ತೋರಿಸಬಲ್ಲರು. ಗುತ್ತಿಗೆದಾರನಿಗೆ ಆ ಭಾಗ್ಯವಿಲ್ಲ, ಅವನು ಕಟ್ಟಿದ್ದೆಲ್ಲ ಇನ್ನೊಬ್ಬರ ಹೆಸರಿನಲ್ಲಿ ನಿಲ್ಲುತ್ತದೆ.

ಇಂಜಿನಿಯರಿಂಗ್ ವಿದ್ಯಾರ್ಥಿ, ಜತ್ತ: ಈ ಕಂಪನಿಯ ಮುಖ್ಯ ಕಾಮಗಾರಿಗಳಾವುವು? ತಮ್ಮ ದೃಷ್ಟಿಯಲ್ಲಿ ಯಾವುದು ಶ್ರೇಷ್ಠ?

ಭೋರ್ ಘಾಟಿನ ಸುರಂಗಗಳಿಂದ ಲೆಕ್ಕ ಆರಂಭಿಸುವುದು ರೂಢಿ. ಮುಂಬಯಿ–ಪುಣೆ ರೈಲು 1863ರಿಂದ ಘಾಟನ್ನು ಹತ್ತುತ್ತಿತ್ತಾದರೂ, ನಡುವೆ ಒಂದು ಕಡೆ ಗಾಡಿ ನಿಂತು, ಇಂಜಿನನ್ನು ಇನ್ನೊಂದು ತುದಿಗೆ ಜೋಡಿಸಿಕೊಂಡು, ಹಿಮ್ಮುಖವಾಗಿ ಹೊರಡಬೇಕಾಗಿತ್ತು. ಇಪ್ಪತ್ತರ ದಶಕದಲ್ಲಿ ಹೊಸ ಸುರಂಗಗಳನ್ನು ಕೊರೆದು ದಾರಿಯನ್ನು ತಿದ್ದಿದಾಗ ಆ ತೊಡಕು ತಪ್ಪಿತು. ಅಲ್ಲಿಯವರೆಗೆ ಇಷ್ಟು ದೊಡ್ಡ ರೈಲ್ವೆ ಗುತ್ತಿಗೆಗಳು ಬ್ರಿಟಿಷ್ ಕಂಪನಿಗಳ ಸೊತ್ತು ಎಂಬ ಭಾವನೆಯಿತ್ತು. ವಾಲಚಂದರಿಗೆ ಹೆಸರು ತಂದದ್ದು ಆ ಕೆಲಸವೇ.

ಸ್ವಾತಂತ್ರ್ಯದ ನಂತರದ ಕಾಮಗಾರಿಗಳಲ್ಲಿ ಗಂಗೆಯ ಫರಕ್ಕಾ ಬ್ಯಾರೇಜು ಬಹು ದೊಡ್ಡದು. ಸುಮಾರು 2.24 ಕಿಲೊಮೀಟರ್ ಉದ್ದ, 109 ಗೇಟುಗಳು, 1975ರಲ್ಲಿ ಕಾರ್ಯಾರಂಭ. ಹೂಳಿನಿಂದ ಸೊರಗುತ್ತಿದ್ದ ಕಲ್ಕತ್ತಾ ಬಂದರಿಗೆ ನೀರು ಹರಿಸುವುದು ಅದರ ಉದ್ದೇಶ. ಉದ್ದೇಶ ಎಷ್ಟರ ಮಟ್ಟಿಗೆ ಈಡೇರಿತು ಎಂಬ ಜಗಳ ಬೇರೆ, ಅದಕ್ಕೆ ಕಟ್ಟಿದವರು ಹೊಣೆಯಲ್ಲ. ಪೀರ್ ಪಂಜಾಲ್ ಶ್ರೇಣಿಯಡಿ ಬನಿಹಾಲ್‌ನಿಂದ ಕಾಜಿಗುಂಡ್ ಕಡೆಗೆ ಹೋಗುವ 11.2 ಕಿಲೊಮೀಟರಿನ ರೈಲು ಸುರಂಗ 2013ರಲ್ಲಿ ತೆರೆಯಿತು. ಬಾಂದ್ರಾ–ವರಳಿ ಸೇತುವೆ 5.6 ಕಿಲೊಮೀಟರ್ ಉದ್ದದ್ದು, 2009ರ ಜೂನ್ 30ರಂದು ಉದ್ಘಾಟನೆಯಾಯಿತು. ಚಿತ್ರಗಳಲ್ಲಿ ಹೆಚ್ಚು ಕಾಣಿಸಿಕೊಳ್ಳುವುದು ಇದೇ.

ನನ್ನ ಆಯ್ಕೆ ಮಾತ್ರ ರಾಜಮಹೇಂದ್ರಿಯ ಗೋದಾವರಿ ರೈಲು ಸೇತುವೆ. 1900ರಲ್ಲಿ ತೆರೆದಿದ್ದ ಹ್ಯಾವ್‌ಲಾಕ್ ಸೇತುವೆಯ ಬದಲಿಗೆ 1997ರಲ್ಲಿ ಇದು ಬಳಕೆಗೆ ಬಂತು. ನದಿಯ ಉದ್ದಗಲಕ್ಕೆ 28 ಕಮಾನುಗಳು, ಒಂದೊಂದು ಅಂಕಣವೂ, ಅಂದರೆ ಎರಡು ಕಂಬಗಳ ನಡುವಿನ ಹರವೂ, 97.55 ಮೀಟರ್. ರಚನೆಯನ್ನು ಹತ್ತಿರದಿಂದ ನೋಡಿ: ಪ್ರತಿ ಅಂಕಣದಲ್ಲಿ ಹಳಿಯ ಎಡಬಲಗಳಿಗೆ ಒಂದೊಂದು ಕಾಂಕ್ರೀಟ್ ಕಮಾನು ಬಿಲ್ಲಿನಂತೆ ಬಾಗಿದೆ, ಅದರಿಂದ ಇಳಿಬಿಟ್ಟ ತೂಗುಕಂಬಿಗಳು ಕೆಳಗಿನ ತೊಲೆಯನ್ನು ಎತ್ತಿ ಹಿಡಿದಿವೆ. ಕಮಾನಿನ ಎರಡು ಪಾದಗಳು ಹೊರಕ್ಕೆ ಜಾರುವ ಒತ್ತಡವನ್ನು ಆ ತೊಲೆಯೇ ಹಗ್ಗದಂತೆ ಬಿಗಿದು ತಡೆಯುತ್ತದೆ. ಆದ್ದರಿಂದ ನೀರಿನೊಳಗಿನ ಕಂಬಗಳ ಮೇಲೆ ಅಡ್ಡ ಒತ್ತಡ ಬೀಳದೆ ನೇರ ಭಾರವಷ್ಟೇ ಇಳಿಯುತ್ತದೆ. ಮರಳಿನ ತಳದ, ಪ್ರವಾಹದ ನದಿಗೆ ಇದಕ್ಕಿಂತ ಒಪ್ಪುವ ಏರ್ಪಾಡು ಕಾಣೆ. ಉಕ್ಕಿನಲ್ಲಿ ಸುಲಭವಾಗಿ ಆಗುತ್ತಿದ್ದುದನ್ನು ಪ್ರಿಸ್ಟ್ರೆಸ್ಡ್ ಕಾಂಕ್ರೀಟಿನಲ್ಲಿ, ಅಂದರೆ ಒಳಗಿನ ಉಕ್ಕಿನ ತಂತಿಗಳನ್ನು ಎಳೆದು ಬಿಗಿದ ಕಾಂಕ್ರೀಟಿನಲ್ಲಿ, ಇಷ್ಟು ಉದ್ದದ ಅಂಕಣಗಳಲ್ಲಿ, ರೈಲಿನ ಹೊರೆಗೆ ಮಾಡಿ ತೋರಿಸಿದ್ದು ಸಾಮಾನ್ಯವಲ್ಲ. ಬಿಡುವಿದ್ದಾಗ ಹಗಲಿನ ಗಾಡಿಯಲ್ಲಿ ಆ ಸೇತುವೆಯನ್ನು ದಾಟಿ ಬನ್ನಿ, ಪಾಠದ ಪುಸ್ತಕದ ಒಂದು ಅಧ್ಯಾಯ ಕಣ್ಣೆದುರು ಹಾಯುತ್ತದೆ.

ಒಬ್ಬ ಓದುಗರು, ಹೊಸೂರು: ಬೆಂಗಳೂರಿನ ಎಚ್.ಎ.ಎಲ್. ಕೂಡ ಈ ಮನೆತನದ್ದೇ ಎಂದು ಕೇಳಿದ್ದೇನೆ. ಹೌದೇ?

ಆರಂಭ ಅವರದೇ. 1940ರ ಡಿಸೆಂಬರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ವಾಲಚಂದರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲರು ಅದಕ್ಕೆ ಒತ್ತಾಸೆಯಾಗಿದ್ದರು. ಯುದ್ಧದ ನಡುವೆ, 1942ರಲ್ಲಿ, ಸರಕಾರ ಅದನ್ನು ವಹಿಸಿಕೊಂಡಿತು.

ಸಹಕಾರಿ ಬ್ಯಾಂಕಿನ ಉದ್ಯೋಗಿ, ಕಾಸರಗೋಡು: ಇಡುಕ್ಕಿ ಅಣೆಕಟ್ಟನ್ನು ಇದೇ ಕಂಪನಿ ಕಟ್ಟಿತು ಎನ್ನುತ್ತಾರೆ. ಅದಕ್ಕೆ ಗೇಟುಗಳೇ ಇಲ್ಲವಲ್ಲ, ಹೇಗೆ ನಿಂತಿದೆ? ಇನ್ನೊಂದು ಪ್ರಶ್ನೆ: ನಮ್ಮ ತಲಪಾಡಿ–ಚೆಂಗಳ ಹೆದ್ದಾರಿಯ ಕೆಲಸ ಹಿಡಿದದ್ದು ಕಾರ್ಮಿಕರ ಸಹಕಾರ ಸಂಘ. ಮನೆತನದ ಕಂಪನಿಗಿಂತ ಅದು ಮೇಲಲ್ಲವೇ?

ಹೌದು, ಇಡುಕ್ಕಿಯ ಕಮಾನು ಅಣೆಕಟ್ಟಿನ ಗುತ್ತಿಗೆದಾರರು ಇದೇ ಕಂಪನಿಯವರು. ಕುರವನ್, ಕುರತ್ತಿ ಎಂಬ ಎರಡು ಬಂಡೆಗುಡ್ಡಗಳ ನಡುವೆ ಪೆರಿಯಾರ್ ನದಿಗೆ ಅಡ್ಡಲಾಗಿ 168.91 ಮೀಟರ್ ಎತ್ತರಕ್ಕೆ ನಿಂತಿರುವ ಈ ಕಟ್ಟೆ ಎರಡು ರೀತಿಯಲ್ಲಿ ಬಾಗಿದೆ. ದಂಡೆಯಿಂದ ದಂಡೆಗೆ ಬಾಗಿರುವುದು ಎಲ್ಲರ ಕಣ್ಣಿಗೂ ಬೀಳುತ್ತದೆ, ಬುಡದಿಂದ ನೆತ್ತಿಯವರೆಗೂ ಬಾಗಿರುವುದು ಪಕ್ಕದಿಂದ ನೋಡಿದರಷ್ಟೇ ತಿಳಿಯುತ್ತದೆ. ನಾವು ಸಾಮಾನ್ಯವಾಗಿ ನೋಡುವ ಕಲ್ಲಿನ ಅಣೆಕಟ್ಟು ತನ್ನ ಭಾರದಿಂದ ನೀರನ್ನು ತಡೆದರೆ, ಕಮಾನು ಅಣೆಕಟ್ಟು ನೀರಿನ ಒತ್ತಡವನ್ನು ಎಡಬಲದ ಗುಡ್ಡಗಳಿಗೆ ದಾಟಿಸಿಬಿಡುತ್ತದೆ. ಆದ್ದರಿಂದ ಅದು ತೆಳುವಾಗಿರಬಲ್ಲದು, ಆದರೆ ಗುಡ್ಡದ ಬಂಡೆ ಗಟ್ಟಿಯಿರಲೇಬೇಕು. ಗೋಡೆಯನ್ನು ಒಂದೇ ಮೈಯಾಗಿ ಎರೆಯುವುದಿಲ್ಲ. ಹಸಿ ಕಾಂಕ್ರೀಟ್ ಗಟ್ಟಿಯಾಗುವಾಗ ಬಿಸಿಯೇರುತ್ತದೆ, ತಣಿದಾಗ ಕುಗ್ಗುತ್ತದೆ. ಬಿಡಿಬಿಡಿ ಕಂಬಗಳಾಗಿ ಎತ್ತಿ, ತಣಿದ ಮೇಲೆ ನಡುವಿನ ಸಂದುಗಳಿಗೆ ಸಿಮೆಂಟಿನ ಗಂಜಿಯನ್ನು ಒತ್ತಡದಿಂದ ತುಂಬಿದಾಗಲೇ ಬಿಡಿ ಭಾಗಗಳೆಲ್ಲ ಕಮಾನಾಗಿ ಕೂಡಿಕೊಳ್ಳುವುದು. ಗೇಟುಗಳಿಗಾಗಿ ಅದರ ಮೈಯನ್ನು ತೂತು ಮಾಡಿಲ್ಲ. ಜಲಾಶಯಕ್ಕೆ ಇಡುಕ್ಕಿ, ಚೆರುತೋಣಿ, ಕುಳಮಾವು ಎಂಬ ಮೂರು ಅಣೆಕಟ್ಟುಗಳಿವೆ. ಮಳೆಗಾಲದ ಹೆಚ್ಚಿನ ನೀರು ಚೆರುತೋಣಿಯ ಗೇಟುಗಳಿಂದ ಹೊರಬೀಳುತ್ತದೆ. ಯೋಜನೆಯನ್ನು 1976ರ ಫೆಬ್ರವರಿ 12ರಂದು ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಮೂಲಮಟ್ಟದ ನೆಲದಡಿಯ ವಿದ್ಯುತ್ ಕೇಂದ್ರದ ಸಾಮರ್ಥ್ಯ 780 ಮೆಗಾವಾಟ್.

ಎರಡನೆಯ ಪ್ರಶ್ನೆ ಸೊಗಸಾಗಿದೆ. ನೀವು ಹೇಳುವ ಊರಾಳುಂಗಲ್ ಸಂಘ 1925ರದು, ಹಿಂದುಸ್ತಾನ್ ಕನ್‌ಸ್ಟ್ರಕ್ಷನ್ 1926ರದು, ಒಂದೇ ವಯಸ್ಸಿನವು. ವಡಗರ ಸಮೀಪದಲ್ಲಿ ವಾಗ್ಭಟಾನಂದ ಗುರುಗಳ ಆತ್ಮವಿದ್ಯಾ ಸಂಘವನ್ನು ಸೇರಿದವರಿಗೆ ಜಮೀನ್ದಾರರು ಕೂಲಿ ಕೊಡದೆ ಹೊರಗಿಟ್ಟಾಗ, ಅವರೇ ಕೂಡಿಕೊಂಡು ಕೆಲಸ ಹಿಡಿಯಲು ಕಟ್ಟಿಕೊಂಡ ಸಂಘವದು. ಇಂದು ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೊಮೀಟರ್ ರಾಷ್ಟ್ರೀಯ ಹೆದ್ದಾರಿಯ ಗುತ್ತಿಗೆಯನ್ನು ಹಿಡಿಯುವಷ್ಟು ಬೆಳೆದಿದೆ. ಒಂದು ಕಡೆ ಮನೆತನದ ಪತ್ತು ಕೆಲಸ ಮಾಡಿದರೆ, ಇನ್ನೊಂದು ಕಡೆ ಸದಸ್ಯರ ದುಡಿಮೆ ಮತ್ತು ಸಹಕಾರಿ ಠೇವಣಿ ಅದೇ ಕೆಲಸ ಮಾಡಿದವು. ಮೇಲು ಕೀಳು ಹೇಳುವುದಾದರೆ, ಲಾಭ ಯಾರಿಗೆ ಹೋಗುತ್ತದೆ ಎಂಬ ದೃಷ್ಟಿಯಲ್ಲಿ ನಿಮ್ಮ ಸಂಘವೇ ಮೇಲು. ಪೆರಿಯಾರಿನಂಥ ಕಣಿವೆಯಲ್ಲಿ ಕಮಾನು ಕಟ್ಟುವುದಕ್ಕೆ ಬೇಕಾದ ಯಂತ್ರಗಳನ್ನು ವರ್ಷಗಟ್ಟಲೆ ಹಣ ಹೂಡಿ ತರುವ ಶಕ್ತಿ 1960ರ ದಶಕದಲ್ಲಿ ದೊಡ್ಡ ಕಂಪನಿಗಳಿಗಷ್ಟೇ ಇತ್ತು ಎಂಬುದನ್ನೂ ಒಪ್ಪಬೇಕು.

ಬಟ್ಟೆ ವ್ಯಾಪಾರಿ, ಸೊಲ್ಲಾಪುರ: ಶೇಠ್‌ಜಿ ತೀರಿಕೊಂಡ ಮೇಲೆ ಕಂಪನಿ ಯಾರ ಕೈಗೆ ಬಂತು? ಇಷ್ಟೊಂದು ಕಟ್ಟಿದ ಕಂಪನಿ ಸಾಲದಲ್ಲಿ ಬಿದ್ದದ್ದೇಕೆ?

ವಾಲಚಂದರು 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ತೀರಿಕೊಂಡರು. ಉದ್ಯಮಗಳು ತಮ್ಮಂದಿರಾದ ಗುಲಾಬಚಂದ, ರತನಚಂದ, ಲಾಲಚಂದರ ಮತ್ತು ಅವರ ಮಕ್ಕಳ ಕೈಗೆ ಬಂದವು. ಕಾಲಕ್ರಮದಲ್ಲಿ ಪಾಲಾದಾಗ ಕಾರಿನ ಕಂಪನಿ ಲಾಲಚಂದರ ಕವಲಿಗೂ, ನಿರ್ಮಾಣ ಕಂಪನಿ ಗುಲಾಬಚಂದರ ಕವಲಿಗೂ ಹೋದವು. 1983ರಿಂದ ವ್ಯವಸ್ಥಾಪಕ ನಿರ್ದೇಶಕರಾಗಿ ಅಜಿತ್ ಗುಲಾಬಚಂದರು ಅದನ್ನು ನಡೆಸಿದರು. ಕಂಪನಿ ಶೇರುಪೇಟೆಯಲ್ಲಿದೆ. ಇಂದು ಬಹುಪಾಲು ಶೇರುಗಳು ಹೊರಗಿನವರ ಬಳಿ ಇರುವುದರಿಂದ, ನಡೆಸುವವರು ಮನೆಯವರಾದರೂ ಒಡೆತನ ಪೂರ್ತಿಯಾಗಿ ಮನೆಯದಲ್ಲ.

ಸಾಲದ ಕಾರಣಗಳು ಎರಡು. ಮೊದಲನೆಯದು, ಬಾರ್ಶಿಯ ಮಣ್ಣುಗುಂಡಿಯಲ್ಲಿ ಕಂಡ ಅದೇ ಅಂತರ ಈಗ ಕೋಟಿಗಳ ಲೆಕ್ಕದಲ್ಲಿ ಬೆಳೆದು ನಿಂತದ್ದು. ನೆಲ ಸ್ವಾಧೀನವಾಗದೆ, ನಕ್ಷೆ ಬದಲಾಗಿ, ಕೆಲಸ ತಡವಾದರೆ ಗುತ್ತಿಗೆದಾರ ಹೆಚ್ಚುವರಿ ಹಣ ಕೇಳುತ್ತಾನೆ, ಇಲಾಖೆ ಒಪ್ಪುವುದಿಲ್ಲ, ವಿಷಯ ಪಂಚಾಯಿತಿಗೆ, ಅಂದರೆ ಆರ್ಬಿಟ್ರೇಷನ್ನಿಗೆ, ಹೋಗುತ್ತದೆ. ಪಂಚರು ತೀರ್ಪು ಕೊಟ್ಟರೂ ಇಲಾಖೆ ನ್ಯಾಯಾಲಯಕ್ಕೆ ಅರ್ಜಿ ಹಾಕಿದೊಡನೆ ತೀರ್ಪಿಗೆ ತಾನಾಗಿಯೇ ತಡೆ ಬೀಳುತ್ತಿತ್ತು. ಆರ್ಬಿಟ್ರೇಷನ್ ಕಾಯದೆಗೆ ಆದ 2015ರ ತಿದ್ದುಪಡಿ ಈ ತಡೆಯನ್ನು ತೆಗೆಯಿತು, 2019ರ ತಿದ್ದುಪಡಿ 87ನೆಯ ಕಲಮಿನ ಮೂಲಕ ಹಳೆಯ ಪ್ರಕರಣಗಳಿಗೆ ಅದನ್ನು ಮರಳಿ ತಂದಿತು. ಇದೇ ಕಂಪನಿ ಸುಪ್ರೀಂ ಕೋರ್ಟಿಗೆ ಹೋಗಿ, 2019ರ ನವೆಂಬರ್ 27ರಂದು ಆ ಕಲಮನ್ನು ರದ್ದು ಮಾಡಿಸಿಕೊಂಡಿತು. ನಿರ್ಮಾಣ ಕ್ಷೇತ್ರದ ಎಲ್ಲ ಗುತ್ತಿಗೆದಾರರಿಗೂ ಅದು ಉಪಕಾರವಾಯಿತು. ಅಲ್ಲಿಯವರೆಗೆ ಬ್ಯಾಂಕಿನ ಬಡ್ಡಿ ಮಾತ್ರ ಯಾವ ತಡೆಯೂ ಇಲ್ಲದೆ ಓಡುತ್ತಿತ್ತು.

ಎರಡನೆಯ ಕಾರಣ ಲವಾಸಾ. ಪುಣೆಯ ಹತ್ತಿರದ ಮುಳಶಿ ತಾಲ್ಲೂಕಿನ ಬೆಟ್ಟಗಳಲ್ಲಿ, ವರಸಗಾವ್ ಜಲಾಶಯದ ದಂಡೆಯಲ್ಲಿ, ಸ್ವಂತ ಹೊಣೆಯ ಮೇಲೆ ಒಂದು ಪಟ್ಟಣವನ್ನೇ ಕಟ್ಟಲು ಹೊರಟ ಯೋಜನೆಯದು. 2010ರ ನವೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕೆಲಸ ನಿಲ್ಲಿಸುವಂತೆ ನೋಟಿಸು ಕೊಟ್ಟಿತು, ಒಂದು ವರ್ಷದ ಬಳಿಕ ಷರತ್ತುಗಳೊಂದಿಗೆ ಅನುಮತಿ ಸಿಕ್ಕಿತು. ನಿಂತ ಕೆಲಸ ಮತ್ತೆ ವೇಗ ಹಿಡಿಯಲಿಲ್ಲ, 2018ರಲ್ಲಿ ಲವಾಸಾ ಕಾರ್ಪೊರೇಷನ್ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ತಪ್ಪು ಪರಿಸರ ಇಲಾಖೆಯದೋ ಕಂಪನಿಯದೋ ಎಂಬ ವಾದ ಬಹಳ ನಡೆದಿದೆ. ನನಗೆ ಕಾಣುವುದು ಇಷ್ಟು: ಗುತ್ತಿಗೆದಾರನಾಗಿ ಕಷ್ಟಪಟ್ಟರೂ ಕೊನೆಗೆ ಬಿಲ್ಲು ಕೊಡುವ ಒಬ್ಬ ಮಾಲೀಕನಿರುತ್ತಾನೆ. ತಾನೇ ಮಾಲೀಕನಾದಾಗ ಮನೆ ಕೊಳ್ಳುವವರು ಬರುವವರೆಗೆ ಬಿಲ್ಲು ಕೊಡುವವರು ಯಾರೂ ಇಲ್ಲ. ಸೇತುವೆ, ಸುರಂಗಗಳಲ್ಲಿ ನುರಿತ ಕೈ ಈ ಎರಡನೆಯ ಕಸುಬಿನಲ್ಲಿ ಹೊಸದಾಗಿತ್ತು.

ಒಬ್ಬ ಓದುಗರು, ಉಮರ್ಗಾ: ನಮ್ಮ ಮುತ್ತಜ್ಜನವರು ಭೋರ್ ಘಾಟಿನ ಕೆಲಸದಲ್ಲಿ ಮುಕಾದಮರಾಗಿದ್ದರೆಂದು ಮನೆಯಲ್ಲಿ ಹೇಳುತ್ತಾರೆ. ಅವರ ಹೆಸರು ಎಲ್ಲಿಯಾದರೂ ಸಿಕ್ಕೀತೇ?

ಕಷ್ಟವಿದೆ. ಮುಕಾದಮರು ಕಂಪನಿಯ ಪಗಾರದ ಪಟ್ಟಿಯಲ್ಲಿ ಇರುತ್ತಿದ್ದುದು ಕಡಿಮೆ. ಅವರು ಊರಿನಿಂದ ತಂಡ ಕಟ್ಟಿಕೊಂಡು ಬಂದು, ಮುಂಗಡ ಪಡೆದು, ತಮ್ಮ ಲೆಕ್ಕದಲ್ಲಿಯೇ ಕೂಲಿ ಹಂಚುತ್ತಿದ್ದರು. ಭವಿಷ್ಯನಿಧಿ ಕಾನೂನು 1952ರದಾದ್ದರಿಂದ ಆ ದಾಖಲೆಯೂ ಇರುವುದಿಲ್ಲ. ಆದರೂ ಮುಂಬಯಿಯ ಎಲ್‌ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ಮುಂಬಯಿ ಸರಕಾರದ ಆ ಕಾಲದ ಕಡತಗಳಿವೆ. ಕೆಲಸದ ಜಾಗದಲ್ಲಿ ಅಪಘಾತವಾಗಿ ಪರಿಹಾರದ ಪ್ರಕರಣ ನಡೆದಿದ್ದರೆ ಹೆಸರು ಬಂದಿರುವ ಸಾಧ್ಯತೆಯುಂಟು, ಏಕೆಂದರೆ ಕಾರ್ಮಿಕರ ಪರಿಹಾರ ಕಾಯದೆ 1923ರಲ್ಲಿಯೇ ಆಗಿತ್ತು. ಮನೆಯಲ್ಲಿ ಮುಂಗಡದ ಚೀಟಿ, ಮನಿಯಾರ್ಡರಿನ ರಸೀದಿ, ಸಾವಕಾರರ ಕೈಬರಹದ ಕಾಗದ ಏನಿದ್ದರೂ ಮೊದಲು ಅದನ್ನು ಹುಡುಕಿ. ಅದರ ಮೇಲೆ ಊರಿನ ಹೆಸರೂ ಇಸವಿಯೂ ಇದ್ದರೆ ಪತ್ರಾಗಾರದಲ್ಲಿ ಯಾವ ವರ್ಷದ ಕಡತವನ್ನು ಕೇಳಬೇಕೆಂಬುದು ನಿಮಗೆ ತಿಳಿಯುತ್ತದೆ.